ಮೂವತ್ತನೇ ದಿನದ ಡ್ಯೂ ಡೇಟ್

ಈ ವಾರದ ಎಪಿಸೋಡ್ ಕಣ್ಣಿನ ಬಗ್ಗೆ. ಸರಿಯಾಗಿ ಹೇಳಬೇಕು ಅಂದ್ರೆ, ದಿನ ತುಂಬೋ ಮೊದಲೇ ಹುಟ್ಟಿದ ಕೂಸುಗಳ ಕಣ್ಣಿನ ಬಗ್ಗೆ. ಬಿ.ಕಾಂ. ಮಾಡಿದವಳಿಗೆ ಡಾಕ್ಟರ್ ಕೆಲಸ ಯಾಕೆ ಅಂತ ನಿಮ್ಮಲ್ಲಿ ಒಂದಿಬ್ಬರು ಕೇಳೇ ಕೇಳ್ತೀರಿ. ಹಾಗಾಗಿ ನನಗೆ ಗೊತ್ತಿರೋ ಜಾಗದಿಂದಲೇ ಶುರು ಮಾಡ್ತೀನಿ, ಒಂದು ಲೆಕ್ಕದಿಂದ.

ಕಾಮರ್ಸ್ ಓದಿದವರಿಗೆಲ್ಲ ಫ್ಯೂಚರ್ ವ್ಯಾಲ್ಯೂ ಫಾರ್ಮುಲಾ ನೆನಪಿರುತ್ತೆ. ಇವತ್ತು ನೂರು ರೂಪಾಯಿ ಆಗೋ ಖರ್ಚು ಇಷ್ಟು ವರ್ಷ ಆದ್ಮೇಲೆ, ಇಂತಿಷ್ಟು ಪರ್ಸೆಂಟ್ ದರದಲ್ಲಿ, ಎಷ್ಟಾಗುತ್ತೆ ಅನ್ನೋ ಲೆಕ್ಕ. ಪರೀಕ್ಷೆಗೆ ಉರು ಹೊಡೆದು, ಮರುದಿನ ಮರೆತುಬಿಡೋ ಫಾರ್ಮುಲಾ. ಅದೇ ಫಾರ್ಮುಲಾ ನಮ್ಮ ಸುಪ್ರೀಂ ಕೋರ್ಟಿನ ಒಂದು ತೀರ್ಪಿನಲ್ಲಿ ಇದೆ. 2015ರ ಜುಲೈ 1ರಂದು ಬಂದ ತೀರ್ಪು. 51 ವರ್ಷಕ್ಕೆ, ವರ್ಷಕ್ಕೆ ಒಂದೇ ಒಂದು ಪರ್ಸೆಂಟ್ ಹಣದುಬ್ಬರ ಹಿಡಿದು ಲೆಕ್ಕ ಹಾಕಿ, ಮುಂದಿನ ಖರ್ಚಿಗೆ 1 ಕೋಟಿ 38 ಲಕ್ಷ ರೂಪಾಯಿ ಅಂತ ನಿಗದಿ ಮಾಡಿದ್ರು. ಅಲ್ಲಿವರೆಗೆ ಆದ ಖರ್ಚು ಸುಮಾರು 43 ಲಕ್ಷ ಬೇರೆ. ಒಟ್ಟು ಹತ್ತಿರ ಹತ್ತಿರ 1 ಕೋಟಿ 80 ಲಕ್ಷ. ಒಂದು ಪರ್ಸೆಂಟ್ ಹಣದುಬ್ಬರ ಅನ್ನೋದನ್ನ ಓದಿ ನಾನು ನಕ್ಕೆ, ನಮ್ಮನೆ ಹಾಲಿನ ಬಿಲ್ ನೋಡಿದ್ರೆ ಸಾಕು. ಆದರೂ ಆ ಪುಟ ತಿರುಗಿಸೋಕೆ ಮನಸ್ಸು ಬರಲಿಲ್ಲ.

ಕೇಸ್ ಇಷ್ಟು. 1996ರಲ್ಲಿ ಚೆನ್ನೈನ ಎಗ್ಮೋರ್ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. 29ನೇ ವಾರಕ್ಕೇ ಹುಟ್ಟಿದ್ದು, ತೂಕ 1,250 ಗ್ರಾಂ. ಸುಮಾರು ಮೂರೂವರೆ ವಾರ ಆಸ್ಪತ್ರೆಯಲ್ಲಿಟ್ಟುಕೊಂಡು ಉಳಿಸಿ ಮನೆಗೆ ಕಳಿಸಿದರು. ಉಳಿಸಿದ್ದು ಸಣ್ಣ ಸಾಧನೆ ಅಲ್ಲ. ಆದ್ರೆ ಈ ಮಗುವಿನ ಕಣ್ಣನ್ನ ಇಂತಿಷ್ಟು ದಿನದೊಳಗೆ ತೋರಿಸಿ ಅಂತ ಯಾರೂ ತಂದೆತಾಯಿಗೆ ಹೇಳಲಿಲ್ಲ. ಮಗುವಿನ ದೃಷ್ಟಿ ಹೋಯಿತು. ರಾಷ್ಟ್ರೀಯ ಗ್ರಾಹಕ ಆಯೋಗ ಕೊಟ್ಟ ಪರಿಹಾರ 5 ಲಕ್ಷ. ಅಪ್ಪ ಬಿಡದೆ ಸುಪ್ರೀಂ ಕೋರ್ಟಿಗೆ ಹೋದರು. ಕೊನೇ ತೀರ್ಪು ಬರೋ ಹೊತ್ತಿಗೆ ಆ ಹುಡುಗಿಗೆ 18 ತುಂಬಿತ್ತು.

ಆ ಮಗುವಿಗೆ ಆದ ಕಾಯಿಲೆಯ ಹೆಸರು ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ. ಆಸ್ಪತ್ರೆಯಲ್ಲಿ ಎಲ್ಲರೂ ಆರ್‌ಒಪಿ ಅಂತಾರೆ. ನಾನೂ ಹಾಗೇ ಅಂತೀನಿ.

ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರೋ ತೆಳು ಪದರ ರೆಟಿನಾ. ಕ್ಯಾಮೆರಾದಲ್ಲಿ ಹಿಂದೆ ಫಿಲ್ಮ್ ಇರ್ತಿತ್ತಲ್ಲ, ಆ ಜಾಗ. ಹೊಟ್ಟೆಯಲ್ಲಿರೋ ಮಗುವಿನ ರೆಟಿನಾದಲ್ಲಿ ಮೊದಲಿಗೆ ರಕ್ತನಾಳಗಳೇ ಇರಲ್ಲ. ಸುಮಾರು 16ನೇ ವಾರಕ್ಕೆ ನಡುವಿನಿಂದ ಅವು ಬೆಳೆಯೋಕೆ ಶುರುವಾಗಿ, ಬಳ್ಳಿ ಹಬ್ಬಿದ ಹಾಗೆ ನಿಧಾನಕ್ಕೆ ಅಂಚಿನ ಕಡೆ ಹೋಗ್ತವೆ. ಮೂಗಿನ ಕಡೆಯ ಅಂಚು ತಲುಪೋದು 36ನೇ ವಾರದ ಹೊತ್ತಿಗೆ. ಕಿವಿ ಕಡೆಯ ಅಂಚು ತಲುಪೋಕೆ 40 ವಾರ, ಅಂದ್ರೆ ಪೂರ್ತಿ ಒಂಬತ್ತು ತಿಂಗಳು ಬೇಕು. ಮಗು 30 ವಾರಕ್ಕೇ ಹೊರಗೆ ಬಂದುಬಿಟ್ರೆ ಬಳ್ಳಿ ಅರ್ಧದಾರಿಯಲ್ಲಿರುತ್ತೆ.

ಗರ್ಭದಲ್ಲಿ ಆಮ್ಲಜನಕ ಕಡಿಮೆ. ಹೊರಗಿನ ಗಾಳಿಯಲ್ಲಿ ಜಾಸ್ತಿ. ಅದರ ಮೇಲೆ ಶ್ವಾಸಕೋಶ ಬಲಿಯದ ಮಗುವಿಗೆ ಆಕ್ಸಿಜನ್ ಕೊಟ್ಟೇ ತೀರಬೇಕು. ಹಾಗಾದಾಗ ಆ ನಾಳಗಳು ಬೆಳೆಯೋದನ್ನ ನಿಲ್ಲಿಸಿಬಿಡ್ತವೆ. ಕೆಲವು ವಾರ ಎಲ್ಲಾ ಸುಮ್ಮನಿರುತ್ತೆ. ಅಷ್ಟರಲ್ಲಿ ರೆಟಿನಾ ಬೆಳೀತಾ ಹೋಗುತ್ತೆ, ನಾಳ ತಲುಪದ ಅಂಚಿನ ಭಾಗ ಹಸಿದಿರುತ್ತೆ. ಆ ಹಸಿದ ಭಾಗ ರಕ್ತ ಕಳಿಸಿ ಅಂತ ಕೂಗುತ್ತೆ. ಆ ಕೂಗಿಗೆ ಒಂದು ರಾಸಾಯನಿಕದ ಹೆಸರಿದೆ, ವಿಇಜಿಎಫ್. ಹೊಸ ನಾಳ ಬೆಳೆಸು ಅನ್ನೋ ಸಂದೇಶ ಹೊತ್ತ ಪ್ರೋಟೀನ್ ಅದು. ಸಂದೇಶ ಮಿತಿಮೀರಿದಾಗ ನಾಳಗಳು ಸಾಲಾಗಿ ಅಂಚಿನ ಕಡೆ ಹೋಗೋ ಬದಲು, ಪೊದೆಯ ಹಾಗೆ ಕಣ್ಣಿನ ಒಳಗಿನ ಖಾಲಿ ಜಾಗಕ್ಕೆ ಎದ್ದು ನಿಲ್ತವೆ. ಅವು ಗಟ್ಟಿ ಇರಲ್ಲ, ಸೋರ್ತವೆ. ಆಮೇಲೆ ಗಾಯದ ಕಲೆಯ ಹಾಗೆ ಕುಗ್ಗಿ, ರೆಟಿನಾವನ್ನೇ ಹಿಡಿದು ಎಳೀತವೆ. ರೆಟಿನಾ ಗೋಡೆಯಿಂದ ಕಿತ್ತು ಬಂತು ಅಂದ್ರೆ ದೃಷ್ಟಿ ಹೋಯ್ತು.

ಇದೆಲ್ಲಾ ಆಗ್ತಿರುವಾಗ ಹೊರಗಿಂದ ಏನೂ ಕಾಣಲ್ಲ. ಕಣ್ಣು ಕೆಂಪಾಗಲ್ಲ, ಕೀವು ಬರಲ್ಲ, ಮಗು ಅಳಲ್ಲ. ಹಾಲು ಕುಡೀತಿರುತ್ತೆ, ತೂಕ ಏರ್ತಿರುತ್ತೆ, ನೋಡಿದವರೆಲ್ಲ ಪರವಾಗಿಲ್ಲ, ಚೇತರಿಸಿಕೊಂಡಿದೆ ಅಂತಿರ್ತಾರೆ. ಮೂರ್ನಾಲ್ಕು ತಿಂಗಳಾದ ಮೇಲೆ ಮಗು ಮುಖ ನೋಡ್ತಿಲ್ಲ ಅಂತಲೋ, ಕಣ್ಣ ಗುಡ್ಡೆ ನಡುವೆ ಬೆಳ್ಳಗೆ ಏನೋ ಹೊಳೀತಿದೆ ಅಂತಲೋ ಯಾರೋ ಗಮನಿಸ್ತಾರೆ. ಆ ಬಿಳುಪು ಕಂಡಾಗ ಡಾಕ್ಟರ ಕೈಯಲ್ಲಿ ಉಳಿದಿರೋದು ಬಹಳ ಕಡಿಮೆ. ದೊಡ್ಡ ಆಪರೇಷನ್ ಮಾಡ್ತಾರೆ, ಆದ್ರೆ ಪೂರ್ತಿ ಕಿತ್ತುಬಂದ ರೆಟಿನಾಗೆ ಅದರಿಂದ ಸಿಗೋ ದೃಷ್ಟಿ ಅಲ್ಪ.

ಈಗ ಸ್ವಲ್ಪ ಇತಿಹಾಸ. ಬೇಗ ಹೇಳಿ ಮುಗಿಸ್ತೀನಿ. 1942ರಲ್ಲಿ ಬಾಸ್ಟನ್ನಿನ ಥಿಯೋಡೋರ್ ಟೆರಿ ಅನ್ನೋ ಕಣ್ಣಿನ ಡಾಕ್ಟರು ಇದನ್ನ ಮೊದಲು ವಿವರಿಸಿದರು. ಆಗ ಅಮೆರಿಕ, ಯುರೋಪಿನ ಒಳ್ಳೊಳ್ಳೆ ಆಸ್ಪತ್ರೆಗಳಲ್ಲೇ ಇದು ಜಾಸ್ತಿ. ಯಾಕೆ ಅಂತ ಬಹಳ ವರ್ಷ ತಿಳಿಯಲಿಲ್ಲ. 1951ರಲ್ಲಿ ಮೆಲ್ಬರ್ನಿನ ಮಕ್ಕಳ ವೈದ್ಯೆ ಕೇಟ್ ಕ್ಯಾಂಪ್‌ಬೆಲ್, ಬೇಕಾಬಿಟ್ಟಿ ಆಕ್ಸಿಜನ್ ಕೊಡೋದೇ ಕಾರಣ ಇರಬಹುದು ಅಂದರು. ದುಡ್ಡಿದ್ದ ಆಸ್ಪತ್ರೆ ಹೆಚ್ಚು ಆಕ್ಸಿಜನ್ ಕೊಡ್ತಿತ್ತು, ಅಲ್ಲೇ ಹೆಚ್ಚು ಕುರುಡು. ಅಮೆರಿಕದಲ್ಲಿ ನಡೆದ ದೊಡ್ಡ ಪರೀಕ್ಷೆ ಅದನ್ನ ಖಚಿತ ಮಾಡ್ತು. ಅಷ್ಟರಲ್ಲಿ ಜಗತ್ತಿನಲ್ಲಿ ಸುಮಾರು 10,000 ಮಕ್ಕಳು ದೃಷ್ಟಿ ಕಳಕೊಂಡಿದ್ದರು. ಗಾಯಕ ಸ್ಟೀವಿ ವಂಡರ್ 1950ರಲ್ಲಿ ದಿನ ತುಂಬದೆ ಹುಟ್ಟಿದವರು, ಅವರ ದೃಷ್ಟಿ ಹೋಗಿದ್ದೂ ಇದರಿಂದಲೇ.

ಹಾಗಾದ್ರೆ ಆಕ್ಸಿಜನ್ ನಿಲ್ಲಿಸಿದ್ರೆ ಆಯ್ತಲ್ಲ? ನಿಲ್ಲಿಸಿ ನೋಡಿದರು. ಕುರುಡು ಕಡಿಮೆಯಾಯ್ತು, ಸಾವು ಹೆಚ್ಚಾಯ್ತು. ಇವತ್ತಿಗೂ ಈ ತಕ್ಕಡಿ ಪೂರ್ತಿ ಸಮ ಆಗಿಲ್ಲ. 2010ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲೂ, ಆಮ್ಲಜನಕದ ಮಟ್ಟ ಕೆಳಗಿಟ್ಟ ಗುಂಪಿನಲ್ಲಿ ಗಂಭೀರ ಆರ್‌ಒಪಿ ಕಡಿಮೆ, ಸಾವು ಜಾಸ್ತಿ ಅಂತ ಬಂತು. ಹಾಗಾಗಿ ಯಾರಾದ್ರೂ ನಿಮಗೆ ಆಸ್ಪತ್ರೆಯವರು ಆಕ್ಸಿಜನ್ ಕೊಟ್ಟಿದ್ದಕ್ಕೇ ಕಣ್ಣು ಹೋಯ್ತು ಅಂತ ಸಲೀಸಾಗಿ ಹೇಳಿದ್ರೆ ಪೂರ್ತಿ ನಂಬಬೇಡಿ. ಅಳತೆ ಇಲ್ಲದೆ ಕೊಡೋದು ತಪ್ಪು. ಗಾಳಿ ಬೆರೆಸೋ ಬ್ಲೆಂಡರ್ ಇಲ್ಲದೆ, ಮಗುವಿನ ಕಾಲಿಗೆ ಕಟ್ಟೋ ಸ್ಯಾಚುರೇಷನ್ ಮೀಟರ್ ನೋಡದೆ ಸಿಲಿಂಡರ್ ತಿರುಗಿಸಿಬಿಡೋದು ತಪ್ಪು. ಕೊಟ್ಟಿದ್ದೇ ತಪ್ಪಲ್ಲ, ಕೊಡದಿದ್ರೆ ಮಗುವೇ ಇರ್ತಿರಲಿಲ್ಲ.

ನಮ್ಮ ದೇಶಕ್ಕೆ ಈ ಸಮಸ್ಯೆ ತಡವಾಗಿ ಬಂತು. ಮೊದಲು ಇಷ್ಟು ಸಣ್ಣ ಮಕ್ಕಳು ಬದುಕ್ತಾನೇ ಇರಲಿಲ್ಲ. ಈಗ ಜಿಲ್ಲಾ ಆಸ್ಪತ್ರೆಗಳಲ್ಲಿ ಎಸ್‌ಎನ್‌ಸಿಯು ಇದೆ, ಸಣ್ಣ ಊರಿನ ನರ್ಸಿಂಗ್ ಹೋಮಲ್ಲೂ ಎನ್‌ಐಸಿಯು ಬೋರ್ಡ್ ಇದೆ. 2020ರ ಅಂದಾಜಿನ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಮಕ್ಕಳು ದಿನ ತುಂಬದೆ ಹುಟ್ತಾರೆ, ಜಗತ್ತಿನಲ್ಲೇ ಅತಿ ಹೆಚ್ಚು. ಅವರಲ್ಲಿ ಎಲ್ಲರಿಗೂ ಇದು ಬರಲ್ಲ. ಬಂದವರಲ್ಲೂ ಬಹಳ ಜನಕ್ಕೆ ತಾನಾಗೇ ಸರಿಹೋಗುತ್ತೆ. ಆದ್ರೆ ಯಾರಿಗೆ ಸರಿಹೋಗುತ್ತೆ, ಯಾರಿಗೆ ಹೋಗಲ್ಲ ಅನ್ನೋದು ಕಣ್ಣೊಳಗೆ ನೋಡದೆ ತಿಳಿಯಲ್ಲ. ಇನ್ನೊಂದು ವಿಷಯ. ಅಮೆರಿಕದಲ್ಲಿ ಒಂದೂವರೆ ಕಿಲೋ ಒಳಗಿನ ಅಥವಾ 30 ವಾರದ ಒಳಗಿನ ಮಕ್ಕಳನ್ನ ಮುಖ್ಯವಾಗಿ ನೋಡ್ತಾರೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮಕ್ಕಳಿಗೂ ಜೋರಾಗಿ ಬರ್ತಿದೆ. ಅದಕ್ಕೇ ನಮ್ಮ ಮಾರ್ಗಸೂಚಿ 34 ವಾರದ ಒಳಗೆ ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಎಲ್ಲಾ ಮಕ್ಕಳನ್ನೂ ನೋಡಿ ಅನ್ನುತ್ತೆ. 34ರಿಂದ 36 ವಾರದವರಲ್ಲೂ ಸೋಂಕು, ಉಸಿರಾಟದ ತೊಂದರೆ, ತುಂಬಾ ದಿನ ಆಕ್ಸಿಜನ್ ಅಂತೆಲ್ಲ ಆಗಿದ್ರೆ ನೋಡಬೇಕು. ಅಂದ್ರೆ ಅಮೆರಿಕದ ಪಠ್ಯಪುಸ್ತಕ ಓದಿದ ಡಾಕ್ಟರು ನಿಮ್ಮ ಮಗು 1,800 ಗ್ರಾಂ ಇದೆ, ಇದಕ್ಕೇನೂ ಬೇಡ ಅಂದ್ರೆ ಅದು ನಮ್ಮೂರಿಗೆ ಸರಿಯಲ್ಲ.

ಈಗ ದಿನಾಂಕಕ್ಕೆ ಬರೋಣ, ನನ್ನ ಪ್ರಕಾರ ಇಡೀ ವಿಷಯ ಇರೋದು ಇಲ್ಲೇ. ಮೊದಲ ಪರೀಕ್ಷೆ ಹುಟ್ಟಿದ 30 ದಿನದೊಳಗೆ ಆಗಬೇಕು. 28 ವಾರಕ್ಕಿಂತ ಮೊದಲು ಹುಟ್ಟಿದ್ರೆ ಅಥವಾ 1,200 ಗ್ರಾಂಗಿಂತ ಕಡಿಮೆ ಇದ್ರೆ ಇನ್ನೂ ಬೇಗ, ಎರಡು ಮೂರು ವಾರದಲ್ಲೇ. ಒಂದು ಉದಾಹರಣೆ ತಗೊಳ್ಳಿ. ಜನವರಿ 10ಕ್ಕೆ 30 ವಾರದ ಮಗು ಹುಟ್ಟಿತು ಅಂದುಕೊಳ್ಳಿ. ಫೆಬ್ರವರಿ 9ರೊಳಗೆ ಮೊದಲ ಪರೀಕ್ಷೆ. ಆ ಮಗು ನಿಜವಾಗಿ ಹುಟ್ಟಬೇಕಿದ್ದ ದಿನ ಮಾರ್ಚ್ 21. ಈ ಎರಡು ದಿನಾಂಕದ ನಡುವೆ 40 ದಿನ ಇದೆ. ಕಾಯಿಲೆ ಬೆಳೆಯೋದು, ಕೈಮೀರೋದು, ಹಿಡಿಯೋದು ಎಲ್ಲಾ ಹೆಚ್ಚುಕಮ್ಮಿ ಆ 40 ದಿನದೊಳಗೇ. ಅದರಲ್ಲೂ ಚಿಕಿತ್ಸೆ ಬೇಕು ಅಂತ ಡಾಕ್ಟರು ಹೇಳಿದ ಮೇಲೆ ಇರೋದು ಎರಡು ಮೂರು ದಿನ. ತಿಂಗಳಲ್ಲ, ವಾರಾನೂ ಅಲ್ಲ. ಜೋರಾದ ರೂಪದಲ್ಲಿದ್ರೆ 48 ಗಂಟೆ. ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಡ್ಯೂ ಡೇಟ್ ದಾಟಿದ್ರೆ ದಂಡ ಕಟ್ಟಿ ಬಿಲೇಟೆಡ್ ಹಾಕಬಹುದು. ಇಲ್ಲಿ ಬಿಲೇಟೆಡ್ ಅನ್ನೋದು ಇಲ್ಲ.

ಪರೀಕ್ಷೆ ಹೇಗಿರುತ್ತೆ ಅಂದ್ರೆ, ಮಗುವಿನ ಕಣ್ಣಿಗೆ ಪಾಪೆ ಅಗಲ ಮಾಡೋ ಡ್ರಾಪ್ಸ್ ಹಾಕ್ತಾರೆ. ಮುಕ್ಕಾಲು ಗಂಟೆ, ಒಂದು ಗಂಟೆ ಕಾಯಿಸ್ತಾರೆ. ಹಾಲು ಕುಡಿಸಿದ ಕೂಡಲೇ ಮಾಡಲ್ಲ, ವಾಂತಿ ಆಗಬಹುದು. ಮರಗಟ್ಟಿಸೋ ಡ್ರಾಪ್ಸ್ ಹಾಕಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ರೆಪ್ಪೆ ಅಗಲಿಸೋ ಸಣ್ಣ ಕ್ಲಿಪ್ ಇಟ್ಟು, ತಲೆಗೆ ಕಟ್ಟಿಕೊಂಡ ದೀಪದಿಂದ ಡಾಕ್ಟರ್ ಒಳಗೆ ನೋಡ್ತಾರೆ. ನೋಡೋಕೆ ಕಷ್ಟ ಆಗುತ್ತೆ, ಮಗು ಕಿರುಚುತ್ತೆ. ತಾಯಂದಿರು ಹೊರಗೆ ನಿಂತು ಅಳ್ತಾರೆ. ಕೆಲವು ನಿಮಿಷದಲ್ಲಿ ಮುಗಿಯುತ್ತೆ.

ಕಾಯಿಲೆ ಎಷ್ಟು ಅಂಚಿನಲ್ಲಿದೆ ಅಥವಾ ಎಷ್ಟು ನಡುವಿಗೆ ಹತ್ತಿರ ಇದೆ ಅನ್ನೋದಕ್ಕೆ ಝೋನ್ ಅಂತಾರೆ, 1, 2, 3. ಒಂದು ಅಂದ್ರೆ ನಡುವಿಗೆ ಹತ್ತಿರ, ಹೆಚ್ಚು ಅಪಾಯ. ಎಷ್ಟು ಮುಂದುವರಿದಿದೆ ಅನ್ನೋದಕ್ಕೆ ಸ್ಟೇಜ್, 1ರಿಂದ 5. ನಾಳಗಳು ಉಬ್ಬಿ ತಿರುಚಿಕೊಂಡಿದ್ರೆ ಪ್ಲಸ್ ಅಂತಾರೆ. ನಿಮ್ಮ ಕಾರ್ಡಲ್ಲಿ ಪ್ಲಸ್ ಅಂತ ಬರೆದಿದ್ರೆ ಅದು ಪರೀಕ್ಷೆಯ ಮಾರ್ಕ್ಸ್ ಥರ ಒಳ್ಳೆ ಸುದ್ದಿ ಅಲ್ಲ. ಸಾಮಾನ್ಯವಾಗಿ ಆವತ್ತೇ ಚಿಕಿತ್ಸೆಗೆ ದಿನ ಗೊತ್ತು ಮಾಡಬೇಕು ಅಂತ ಅರ್ಥ.

ಚಿಕಿತ್ಸೆಗಳು ಈಗ ಮುಖ್ಯವಾಗಿ ಎರಡು. ಮೊದಲನೆಯದು ಲೇಸರ್. ನಾಳ ತಲುಪದೆ ಹಸಿದು ಕೂಗ್ತಿದೆ ಅಂದ್ನಲ್ಲ, ಆ ಅಂಚಿನ ರೆಟಿನಾವನ್ನ ಲೇಸರ್ ಚುಕ್ಕಿಗಳಿಂದ ಸುಟ್ಟುಬಿಡ್ತಾರೆ. ಒಂದೊಂದು ಕಣ್ಣಿಗೆ ಸಾವಿರಕ್ಕೂ ಹೆಚ್ಚು ಚುಕ್ಕಿ ಬೀಳಬಹುದು. ಹಸಿದ ಜಾಗವೇ ಇಲ್ಲ ಅಂದ್ಮೇಲೆ ಕೂಗೂ ಇಲ್ಲ. ಅಡ್ಡಾದಿಡ್ಡಿ ನಾಳಗಳು ಒಣಗ್ತವೆ. ಇದಕ್ಕೂ ಮೊದಲು ಇದೇ ಕೆಲಸವನ್ನ ತಣ್ಣಗೆ ಹೆಪ್ಪುಗಟ್ಟಿಸಿ ಮಾಡ್ತಿದ್ರು. ಅದರಿಂದ ಕೆಟ್ಟ ಫಲಿತಾಂಶ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತೆ ಅಂತ 1988ರಲ್ಲಿ ಅಮೆರಿಕದ ಅಧ್ಯಯನ ತೋರಿಸ್ತು. 2003ರಲ್ಲಿ ಇನ್ನೊಂದು ಅಧ್ಯಯನ, ಇನ್ನೂ ಬೇಗ ಚಿಕಿತ್ಸೆ ಮಾಡಿದ್ರೆ ರೆಟಿನಾ ಕೆಡೋ ಪ್ರಮಾಣ 15.6 ಪರ್ಸೆಂಟಿನಿಂದ 9.1ಕ್ಕೆ ಇಳಿಯುತ್ತೆ ಅಂತು. ಆಗ ಬದಲಾಗಿದ್ದು ಮುಖ್ಯವಾಗಿ ಚಿಕಿತ್ಸೆ ಶುರುಮಾಡೋ ಸಮಯ, ಕಾಯದೆ ಮೊದಲೇ ಮಾಡಿದ್ದು.

ಎರಡನೆಯದು ಇಂಜೆಕ್ಷನ್. ವಿಇಜಿಎಫ್ ಕೂಗನ್ನೇ ಬಾಯಿ ಮುಚ್ಚಿಸೋ ಔಷಧಿ ಕಣ್ಣಿನೊಳಗೆ ಚುಚ್ಚೋದು. ಬೆವಾಸಿಝುಮ್ಯಾಬ್ ಅಂತ ಒಂದಿದೆ, ಅವಾಸ್ಟಿನ್ ಅನ್ನೋದು ಅಂಗಡಿ ಹೆಸರು. ಅದು ಹುಟ್ಟಿದ್ದು ಕ್ಯಾನ್ಸರ್ ಔಷಧಿಯಾಗಿ. ಗೆಡ್ಡೆಗೂ ರಕ್ತನಾಳ ಬೇಕಲ್ಲ, ಅದನ್ನ ತಡೆಯೋಕೆ. 2011ರಲ್ಲಿ ಆರ್‌ಒಪಿಗೆ ಇದನ್ನ ಲೇಸರ್ ಜೊತೆ ಹೋಲಿಸಿದಾಗ, ಝೋನ್ 1ರ ಕಣ್ಣುಗಳಲ್ಲಿ ಇಂಜೆಕ್ಷನ್ ಮೇಲು ಅಂತ ಬಂತು. ಆಮೇಲೆ ರಾನಿಬಿಝುಮ್ಯಾಬ್‌ಗೆ 2019ರಲ್ಲಿ ಯುರೋಪಿನಲ್ಲಿ, ಅಫ್ಲಿಬರ್ಸೆಪ್ಟ್‌ಗೆ 2023ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೇ ಅಂತ ಅನುಮತಿ ಸಿಕ್ತು.

ಇಂಜೆಕ್ಷನ್ ಬೇಗ ಮುಗಿಯುತ್ತೆ, ಅಂಚನ್ನ ಸುಡಲ್ಲ, ನಾಳಗಳು ಮತ್ತೆ ಸರಿದಾರಿಯಲ್ಲಿ ಬೆಳೆಯೋಕೆ ಅವಕಾಶ ಸಿಗುತ್ತೆ. ಹಾಗಾದ್ರೆ ಎಲ್ಲರಿಗೂ ಅದನ್ನೇ ಕೊಡಬಾರದಾ ಅಂತ ನಾನೂ ಕೇಳಿದ್ದೆ. ಉತ್ತರ ಹೀಗಿದೆ. ಲೇಸರ್ ಒನ್ ಟೈಮ್ ಸೆಟಲ್‌ಮೆಂಟ್ ಇದ್ದ ಹಾಗೆ. ಸ್ವಲ್ಪ ಕಳಕೊಳ್ತೀರಿ, ಅಂಚಿನ ನೋಟ ಕಡಿಮೆಯಾಗಬಹುದು, ಮುಂದೆ ಮೈನಸ್ ಕನ್ನಡಕ ಬರೋ ಸಾಧ್ಯತೆ ಹೆಚ್ಚು, ಆದ್ರೆ ಬಹಳ ಸಲ ವ್ಯವಹಾರ ಅಲ್ಲಿಗೆ ಮುಗಿಯುತ್ತೆ. ಇಂಜೆಕ್ಷನ್ ಇಎಂಐ ಇದ್ದ ಹಾಗೆ. ಔಷಧಿಯ ಪ್ರಭಾವ ಇಳಿದ ಮೇಲೆ ಕಾಯಿಲೆ ತಿಂಗಳುಗಳ ನಂತರವೂ ಮರಳಬಹುದು. ಹಾಗಾಗಿ ತಿಂಗಳುಗಟ್ಟಲೆ ತಪ್ಪದೆ ಬಂದು ತೋರಿಸ್ತಾ ಇರಬೇಕು. ಒಂದು ಕಂತು ತಪ್ಪಿದ್ರೂ ಕಷ್ಟ. ಜೊತೆಗೆ ಔಷಧಿ ಸ್ವಲ್ಪ ರಕ್ತಕ್ಕೂ ಸೇರುತ್ತೆ, ಬೆಳೀತಿರೋ ಮಗುವಿನ ಬೇರೆ ಅಂಗಗಳಿಗೂ ವಿಇಜಿಎಫ್ ಬೇಕಲ್ಲ ಅನ್ನೋ ಎಚ್ಚರಿಕೆ ಡಾಕ್ಟರುಗಳಲ್ಲಿದೆ. ಯಾವುದು ಬೇಕು ಅನ್ನೋದು ಕಣ್ಣು ನೋಡಿ ಅವರೇ ಹೇಳ್ತಾರೆ. ಆದ್ರೆ ಅವರು ಕುಟುಂಬವನ್ನೂ ನೋಡ್ತಾರೆ. ಮನೆ ಎಷ್ಟು ದೂರ, ಗಾಡಿ ಇದೆಯಾ, ಕೂಲಿ ಬಿಟ್ಟು ಬರೋಕಾಗುತ್ತಾ.

ಇದೆಲ್ಲಾ ನನಗೆ ಹೇಗೆ ಗೊತ್ತು ಅಂದ್ರೆ, ನಮ್ಮಕ್ಕನ ಮಗಳಿಂದ. ಅಕ್ಕನ ಒಪ್ಪಿಗೆ ತಗೊಂಡೇ ಹೇಳ್ತಿದೀನಿ, ಹೆಸರು ಬೇಡ ಅಂದಿದಾಳೆ. ಅಕ್ಕನ್ನ ಕೊಟ್ಟಿರೋದು ರಾಣೆಬೆನ್ನೂರಿಗೆ. ನಮ್ಮ ತವರು ತಿಪಟೂರು. 30ನೇ ವಾರಕ್ಕೆ ಬಿಪಿ ಏರಿ, ಹತ್ತಿರದ ದೊಡ್ಡ ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಯ್ತು. ಮಗು 1,350 ಗ್ರಾಂ. ನನ್ನ ಎರಡು ಅಂಗೈ ಸೇರಿಸಿದ್ರೆ ಹಿಡಿಸ್ತಿತ್ತು. 26 ದಿನ ಎನ್‌ಐಸಿಯು. ಆ ಮಕ್ಕಳ ಡಾಕ್ಟರು, ನರ್ಸುಗಳು ಹಗಲೂ ರಾತ್ರಿ ನೋಡಿಕೊಂಡ್ರು, ಅದರಲ್ಲಿ ಎರಡು ಮಾತಿಲ್ಲ. 26ನೇ ದಿನ ಡಿಸ್ಚಾರ್ಜ್. ನಾಲ್ಕು ಪುಟದ ಡಿಸ್ಚಾರ್ಜ್ ಸಮ್ಮರಿ. ಐರನ್ ಡ್ರಾಪ್ಸ್ ಎಷ್ಟು, ವಿಟಮಿನ್ ಡಿ ಎಷ್ಟು, ಲಸಿಕೆ ಯಾವಾಗ, ಎಲ್ಲಾ ಇತ್ತು. ಮೂರನೇ ಪುಟದ ಕೆಳಗಡೆ ಇಂಗ್ಲಿಷಿನಲ್ಲಿ ಒಂದು ಸಾಲು, ಆರ್‌ಒಪಿ ಸ್ಕ್ರೀನಿಂಗ್ ಅಡ್ವೈಸ್ಡ್. ಅಷ್ಟೇ. ಯಾವತ್ತು, ಎಲ್ಲಿ, ಯಾರ ಹತ್ರ, ಯಾಕೆ ಅಂತಿಲ್ಲ. ಬಾಯಿಮಾತಲ್ಲೂ ಹೇಳಲಿಲ್ಲ. ಮರು ಭೇಟಿ 15 ದಿನ ಬಿಟ್ಟು ಅಂತ ಇತ್ತು. ಲೆಕ್ಕ ಹಾಕಿ, ಅದು 41ನೇ ದಿನ.

28ನೇ ದಿನ ಭಾವ ಕಾರು ಮಾಡಿಕೊಂಡು ತಾಯಿ ಮಗೂನ ತಿಪಟೂರಿಗೆ ಬಿಟ್ಟು ಹೋದ್ರು. ಬಾಣಂತನಕ್ಕೆ ತವರಿಗೆ ಬರೋದು ನಮ್ಮಲ್ಲಿ ವಾಡಿಕೆ ಅಲ್ವಾ. ಈ ಒಂದು ವಾಡಿಕೆಯಿಂದ ಏನಾಗುತ್ತೆ ನೋಡಿ. ಮಗು ಹುಟ್ಟಿದ್ದು ಒಂದು ಜಿಲ್ಲೆ, ಇರೋದು ಇನ್ನೊಂದು ಜಿಲ್ಲೆ. ಆಸ್ಪತ್ರೆಯಲ್ಲಿ ಬರೆಸಿರೋದು ಗಂಡನ ಮೊಬೈಲ್ ನಂಬರ್. ಆಸ್ಪತ್ರೆಯವರು ಫೋನ್ ಮಾಡಿದ್ರೂ, ಅವರು ತವರಲ್ಲಿದ್ದಾರೆ, ಬಂದ್ಮೇಲೆ ಹೇಳ್ತೀನಿ ಅನ್ನೋ ಉತ್ತರ ಬರುತ್ತೆ. ಇತ್ತ ತವರಲ್ಲಿ ಕೋಣೆ ಕತ್ತಲೆ ಮಾಡಿ, ಕಿವಿಗೆ ಹತ್ತಿ ಇಟ್ಟು, ಮೂರು ತಿಂಗಳು ಹೊಸ್ತಿಲು ದಾಟಿಸಲ್ಲ. 30ನೇ ದಿನ ಬರೋದು ಸರಿಯಾಗಿ ಇದರ ನಡುವೆ.

31ನೇ ದಿನ ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಬಂದ್ರು. ಅವರು ಡಿಸ್ಚಾರ್ಜ್ ಪೇಪರ್ ಈಸ್ಕೊಂಡು ತೂಕ, ವಾರ ನೋಡಿ, "ಅಮ್ಮಾ, ಕೂಸಿನ ಕಣ್ಣು ತೋರ್ಸಿದ್ರಾ?" ಅಂದ್ರು. ನಮ್ಮಮ್ಮ, "ಕಣ್ಣಿಗೇನಾಗಿದೆ, ಚೆನ್ನಾಗೇ ಬಿಡುತ್ತಲ್ಲ" ಅಂದ್ರು. ಆಕೆ, "ಚೆನ್ನಾಗಿದ್ರೂ ತೋರ್ಸಬೇಕು ಕಣಮ್ಮಾ, ನಾಳೇನೇ ಹೋಗಿ" ಅಂತ ನಿಂತೇಬಿಟ್ರು. ಅವತ್ತು ರಾತ್ರಿ ಮನೇಲಿ ದೊಡ್ಡ ಜಗಳ. "ಇನ್ನೂ ತೊಟ್ಟಿಲಿಗೇ ಹಾಕಿಲ್ಲ, ಇಷ್ಟು ಗಾಳೀಲಿ ತುಮಕೂರಿಗೆ ಕರ್ಕೊಂಡು ಹೋಗ್ತೀರಾ, ಮಗೂಗೆ ಏನಾದ್ರೂ ಆದ್ರೆ ಯಾರು ಹೊಣೆ?" ಅಂತ ಅಮ್ಮ. ಅಮ್ಮನ ಹೆದರಿಕೆ ಸುಳ್ಳಲ್ಲ. 26 ದಿನ ಗಾಜಿನ ಪೆಟ್ಟಿಗೆಯಲ್ಲಿ ನೋಡಿದ ಕೂಸು. ಆಗ ನಾನು ಫೋನಲ್ಲಿ ಹುಡುಕಿ ಓದಿದ್ದೇ ಆ ಸುಪ್ರೀಂ ಕೋರ್ಟ್ ತೀರ್ಪು. ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಟೋಪಿ ಎರಡು ಹಾಕಿ ಅಂದ್ರು.

33ನೇ ದಿನ ತುಮಕೂರಲ್ಲಿ ಮೊದಲ ಪರೀಕ್ಷೆ. ಝೋನ್ 2, ಸ್ಟೇಜ್ 2, ಪ್ಲಸ್ ಇಲ್ಲ. ಒಂದು ವಾರ ಬಿಟ್ಟು ಬನ್ನಿ ಅಂದ್ರು. 40ನೇ ದಿನ ಸ್ಟೇಜ್ 3, ಎರಡೂ ಕಣ್ಣಲ್ಲಿ ಪ್ಲಸ್. ಡಾಕ್ಟರು ಅಲ್ಲೇ ಕೂತು ಬೆಂಗಳೂರಿಗೆ ಫೋನ್ ಮಾಡಿ ಮರುದಿನಕ್ಕೆ ಸಮಯ ತಗೊಂಡ್ರು. ಅಡ್ವೈಸ್ಡ್ ಅಂತ ಬರೆದು ಕೈ ತೊಳ್ಕೊಳ್ಳಲಿಲ್ಲ, ಅದು ನನಗೆ ಇವತ್ತಿಗೂ ನೆನಪು. 41ನೇ ದಿನ ಲೇಸರ್ ಆಯ್ತು. ನೆನಪಿದೆಯಲ್ಲ, ಹುಟ್ಟಿದ ಆಸ್ಪತ್ರೆಯವರು ಮತ್ತೆ ಬನ್ನಿ ಅಂದಿದ್ದು ಅದೇ 41ನೇ ದಿನ. ಮಗೂಗೆ ಈಗ ಎರಡೂವರೆ ವರ್ಷ. ಮೈನಸ್ ಕನ್ನಡಕ ಇದೆ, ಹಿಂದೆ ರಬ್ಬರ್ ಪಟ್ಟಿ ಕಟ್ಟಿರೋದು. ದಿನಕ್ಕೆ ಹತ್ತು ಸಲ ಕಿತ್ತು ಎಸೀತಾಳೆ. ಎಲ್ಲಿ ಎಸೆದೆ ಅಂತ ಅವಳೇ ಹುಡುಕಿ ತರ್ತಾಳೆ.

ಎಲ್ಲರ ಬೀದಿಗೂ ಅಂಥ ಆಶಾ ಕಾರ್ಯಕರ್ತೆ ಸಿಗಲ್ಲ. ಹಾಗಾಗಿ ಇದು ಅದೃಷ್ಟದ ಮೇಲೆ ನಿಲ್ಲಬಾರದು ಅಂತ ಕೆಲಸ ಮಾಡಿದವರ ಬಗ್ಗೆ ಹೇಳಲೇಬೇಕು, ಅದೂ ನಮ್ಮ ರಾಜ್ಯದವರೇ. ಈ ಮಕ್ಕಳ ಕಣ್ಣು ನೋಡೋಕೆ ತರಬೇತಿ ಪಡೆದ ಡಾಕ್ಟರುಗಳು ಕಡಿಮೆ, ಇರೋರೂ ದೊಡ್ಡ ಊರುಗಳಲ್ಲಿ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ ಕಿಡ್‌ರಾಪ್ ಅನ್ನೋ ಕಾರ್ಯಕ್ರಮ ಶುರುವಾಯ್ತು. ಡಾಕ್ಟರ್ ಊರೂರಿಗೆ ಹೋಗೋಕಾಗಲ್ಲ, ಕ್ಯಾಮೆರಾ ಹೋಗಬಹುದು ಅನ್ನೋದು ಅದರ ಯೋಚನೆ. ಡಾಕ್ಟರ್ ಅಲ್ಲದ ತಂತ್ರಜ್ಞರಿಗೆ ತರಬೇತಿ ಕೊಟ್ಟು, ಕಣ್ಣಿನ ಒಳಗಿನ ಅಗಲ ಚಿತ್ರ ತೆಗೆಯೋ ಕ್ಯಾಮೆರಾ ಗಾಡಿಯಲ್ಲಿಟ್ಟು, ಜಿಲ್ಲೆ ತಾಲ್ಲೂಕುಗಳ ಎನ್‌ಐಸಿಯುಗಳಿಗೆ ಗೊತ್ತಾದ ದಿನ ಕಳಿಸ್ತಾರೆ. ತೆಗೆದ ಚಿತ್ರಗಳನ್ನ ಬೆಂಗಳೂರಲ್ಲಿರೋ ಡಾಕ್ಟರ್ ಮೊಬೈಲಿನಲ್ಲೇ ನೋಡಿ ವರದಿ ಕೊಡ್ತಾರೆ. ತಂತ್ರಜ್ಞರು ಅಲ್ಲೇ ಕೆಂಪು, ಕಿತ್ತಳೆ, ಹಸಿರು ಅಂತ ವಿಂಗಡಿಸ್ತಾರೆ. ಕೆಂಪು ಅಂದ್ರೆ ಕೂಡಲೇ. ಆಮೇಲೆ ರಾಜ್ಯ ಸರ್ಕಾರದ ಜೊತೆ ಸೇರಿ ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಹೋಯ್ತು. ಆಗಿನ ಕ್ಯಾಮೆರಾ ವಿದೇಶದ್ದು, ಬಲು ದುಬಾರಿ. ಆಮೇಲೆ ಬೆಂಗಳೂರಿನದ್ದೇ ಫೋರಸ್ ಹೆಲ್ತ್ ಕಂಪನಿ 3ನೇತ್ರ ನಿಯೋ ಅಂತ ಕಡಿಮೆ ಖರ್ಚಿನದ್ದು ಮಾಡಿತು.

ನನಗೆ ಇದರಲ್ಲಿ ಕ್ಯಾಮೆರಾಗಿಂತ ದೊಡ್ಡದು ಅನ್ನಿಸೋದು ಆ ಗೊತ್ತಾದ ದಿನ ಅನ್ನೋದು. ವಾರದ ಸಂತೆ ಇದ್ದ ಹಾಗೆ. ಮಂಗಳವಾರ ನಮ್ಮ ಆಸ್ಪತ್ರೆಗೆ ಕಣ್ಣಿನವರು ಬರ್ತಾರೆ ಅಂತ ನರ್ಸಿಗೆ ಗೊತ್ತಿದ್ರೆ, ಡಿಸ್ಚಾರ್ಜ್ ಆದವರಿಗೂ ಮಂಗಳವಾರ ಬನ್ನಿ ಅಂತ ಹೇಳ್ತಾರೆ. ಮಂಗಳವಾರ ಅನ್ನೋದು ನಮ್ಮಮ್ಮನಿಗೂ ಅರ್ಥ ಆಗುತ್ತೆ. ಅಡ್ವೈಸ್ಡ್ ಅನ್ನೋದು ಬಿ.ಕಾಂ. ಮಾಡಿದ ನನಗೇ ಅರ್ಥ ಆಗಿರಲಿಲ್ಲ. ದಿನಾಂಕ ಇಲ್ಲದ ಚೆಕ್ ಬ್ಯಾಂಕಲ್ಲಿ ನಡೆಯಲ್ಲ, ದಿನಾಂಕ ಇಲ್ಲದ ಈ ಸಾಲು ಮಾತ್ರ ಹೇಗೆ ನಡೆಯುತ್ತೆ ಅನ್ನೋದು ನನ್ನ ತಕರಾರು. 2017ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಆರ್‌ಬಿಎಸ್‌ಕೆ, ಅಂದ್ರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ನವಜಾತ ಶಿಶುಗಳ ಕಣ್ಣಿನ ಪರೀಕ್ಷೆಗೆ ಮಾರ್ಗಸೂಚಿ ತಂದಿದೆ. ಆರ್‌ಒಪಿ ಆ ಕಾರ್ಯಕ್ರಮದ ಪಟ್ಟಿಯಲ್ಲಿದೆ. ಅಂದ್ರೆ ನಿಯಮ ಇದೆ, ಚಿಕಿತ್ಸೆ ಇದೆ, ಯಂತ್ರ ಇದೆ. ಮಗು ಮಕ್ಕಳ ಡಾಕ್ಟರ ಕೈಯಿಂದ ಕಣ್ಣಿನ ಡಾಕ್ಟರ ಕೈಗೆ ದಾಟೋ ಜಾಗದಲ್ಲಿ ಮಾತ್ರ ಯಾರೂ ನಿಂತಿರಲ್ಲ.

ಕೇಳ್ತಿರೋರಲ್ಲಿ ಯಾರ ಮನೆಯಲ್ಲಾದ್ರೂ ಈಗ ಅಂಥ ಕೂಸಿದ್ರೆ, ಇವತ್ತೇ ಡಿಸ್ಚಾರ್ಜ್ ಪೇಪರ್ ತೆಗೆದು ಹುಟ್ಟಿದಾಗ ಎಷ್ಟು ವಾರ, ಎಷ್ಟು ಗ್ರಾಂ ಅಂತ ನೋಡಿ. 34 ವಾರದೊಳಗೆ ಅಥವಾ 2,000 ಗ್ರಾಂಗಿಂತ ಕಡಿಮೆ ಇದ್ರೆ, ಹುಟ್ಟಿದ ದಿನಕ್ಕೆ 30 ಸೇರಿಸಿ, ಆ ದಿನಾಂಕವನ್ನ ಕ್ಯಾಲೆಂಡರಲ್ಲಿ ಗುರುತು ಹಾಕಿ. ದಾಟಿಹೋಗಿದ್ರೆ ನಾಳೆ ಹೋಗಿ, ಮುಂದಿನ ವಾರ ಅನ್ನಬೇಡಿ. ಆಸ್ಪತ್ರೆಯಲ್ಲಿ ಇನ್ನೂ ಇದ್ರೆ, ಮನೆಗೆ ಹೊರಡೋ ಮೊದಲೇ ಕಣ್ಣು ನೋಡಿಸೋಕಾಗುತ್ತಾ ಕೇಳಿ. ಆಗಲ್ಲ ಅಂದ್ರೆ ದಿನ, ಊರು, ಡಾಕ್ಟರ ಹೆಸರು ಬರೆಸಿಕೊಳ್ಳಿ. ತವರಿಗೆ ಹೋಗ್ತಿದ್ರೆ ತವರಿನ ಫೋನ್ ನಂಬರೂ ಕೊಡಿ. ಮೊದಲ ಪರೀಕ್ಷೆಯಲ್ಲಿ ಪರವಾಗಿಲ್ಲ ಅಂದ್ರು ಅಂತ ನಿಲ್ಲಿಸಬೇಡಿ, ನಾಳಗಳು ಅಂಚು ತಲುಪಿವೆ, ಇನ್ನು ಬರಬೇಡಿ ಅಂತ ಅವರೇ ಹೇಳೋವರೆಗೂ ಹೋಗ್ತಿರಿ. ಆಮೇಲೂ ಈ ಮಕ್ಕಳಿಗೆ ಕನ್ನಡಕ, ಮೆಳ್ಳೆಗಣ್ಣು ಬರೋದು ಜಾಸ್ತಿ, ವರ್ಷಕ್ಕೊಮ್ಮೆ ತೋರಿಸಿ.

ಇಷ್ಟೇ ಇವತ್ತಿಗೆ. ನಿಮ್ಮ ತಾಲ್ಲೂಕಿನಲ್ಲಿ ಈ ಪರೀಕ್ಷೆ ಯಾವ ದಿನ, ಎಲ್ಲಿ ನಡೆಯುತ್ತೆ ಅಂತ ಗೊತ್ತಿದ್ರೆ ನನಗೆ ಬರೆದು ಕಳಿಸಿ, ಮುಂದಿನ ಎಪಿಸೋಡಲ್ಲಿ ಓದಿ ಹೇಳ್ತೀನಿ. ಮುಂದಿನ ವಾರ ನಮ್ಮ ತಿಪಟೂರಿನ ಕೊಬ್ಬರಿ ಹರಾಜಿನ ಲೆಕ್ಕ.